ಮೊದಲ ಪೆಟ್ಟನ್ನು ಹುಡುಕಿ ಹೊರಟ ಚಂದಲೆ

ಹಿಂದೆ, ಪ್ರಾಣಿಪಕ್ಷಿಗಳಿಗೂ ಮಾತು ಬರುತ್ತಿದ್ದ ಕಾಲದಲ್ಲಿ, ಕಿಂಕಿಣಿಪುರ ಎಂಬ ಒಂದು ರಾಜ್ಯವಿತ್ತು. ಆ ರಾಜ್ಯದಲ್ಲಿ ತಾಳವಿಲ್ಲದೆ ಯಾವ ಕೆಲಸವೂ ನಡೆಯುತ್ತಿರಲಿಲ್ಲ. ಹೆಂಗಸರು ತಾಳ ಹಿಡಿದು ಭತ್ತ ಕುಟ್ಟುತ್ತಿದ್ದರು. ಅಂಬಿಗರು ತಾಳ ಹಿಡಿದು ಹುಟ್ಟು ಹಾಕುತ್ತಿದ್ದರು. ತಾಯಂದಿರು ತಾಳ ಹಿಡಿದು ತೊಟ್ಟಿಲು ತೂಗುತ್ತಿದ್ದರು. ಸಂಜೆಯಾದರೆ ಎಲ್ಲರೂ ಅರಮನೆಯ ಮುಂದೆ ಸೇರಿ ಹಾಡುತ್ತಿದ್ದರು, ಕುಣಿಯುತ್ತಿದ್ದರು.

ಆ ರಾಜ್ಯವನ್ನು ಎರೆಯರಸನೆಂಬ ರಾಜ ಆಳುತ್ತಿದ್ದ. ಅವನಿಗೆ ಒಬ್ಬಳೇ ಮಗಳು, ಚಂದಲೆ. ಚಂದಲೆ ಕುದುರೆ ಏರುತ್ತಿದ್ದಳು, ಹೊಳೆ ಈಜುತ್ತಿದ್ದಳು, ಸೊಗಸಾಗಿ ಹಾಡುತ್ತಿದ್ದಳು. ಆದರೆ ತಾಳದ ಪಾಠಕ್ಕೆ ಕೂತರೆ ಮಾತ್ರ ಪಾಠ ಮುಂದೆ ಹೋಗುತ್ತಿರಲಿಲ್ಲ. ಅವಳಿಗೆ ಎಣಿಸಲು ಬರುತ್ತಿರಲಿಲ್ಲವೆಂದಲ್ಲ. ಅವಳು ಕೇಳುತ್ತಿದ್ದಳು, ಅಷ್ಟೆ.

"ಗುರುಗಳೇ, ಈ ಪೆಟ್ಟನ್ನೇ ಯಾಕೆ ಒಂದು ಅಂತೀರಿ?"

"ಒಂದು ಅಂದರೆ ಒಂದು ಕಣಮ್ಮ," ಎನ್ನುತ್ತಿದ್ದರು ಮದ್ದಳೆಯ ಬಮ್ಮಯ್ಯ.

"ಅದರ ಮುಂದಿನ ಪೆಟ್ಟನ್ನು ಒಂದು ಅಂದರೆ ಏನಾಗುತ್ತೆ?"

"ಹಾಡು ಕೆಡುತ್ತೆ."

"ಯಾಕೆ ಕೆಡುತ್ತೆ?"

ಬಮ್ಮಯ್ಯನವರು ಮದ್ದಳೆಯನ್ನು ಪಕ್ಕಕ್ಕಿಟ್ಟು ನೀರು ಕುಡಿಯಲು ಎದ್ದು ಹೋಗುತ್ತಿದ್ದರು. ಅವರಿಗೆ ಸಿಟ್ಟು ಬರುತ್ತಿರಲಿಲ್ಲ.

ಹೀಗಿರಲು ಒಂದು ಬೆಳಿಗ್ಗೆ ಬಡಗಣ ಬೆಟ್ಟದ ಕಡೆಯಿಂದ ಒಂದು ದನಿ ಕೇಳಿಬಂತು. ಸಣ್ಣ, ಉದ್ದ, ಒಂದೇ ಸ್ವರದ ದನಿ. ಅದು ಏರುತ್ತಿರಲಿಲ್ಲ, ಇಳಿಯುತ್ತಿರಲಿಲ್ಲ, ನಿಲ್ಲುತ್ತಲೂ ಇರಲಿಲ್ಲ. ಮೊದಮೊದಲು ಜನ ಅದನ್ನು ಗಾಳಿಯೆಂದುಕೊಂಡರು. ಅಷ್ಟರಲ್ಲಿ ಭತ್ತ ಕುಟ್ಟುತ್ತಿದ್ದ ಇಬ್ಬರ ಒನಕೆಗಳು ಒರಳಿನಲ್ಲಿ ಡಿಕ್ಕಿ ಹೊಡೆದವು. ಹೊಳೆಯಲ್ಲಿ ಒಬ್ಬ ಅಂಬಿಗನ ಹುಟ್ಟು ಇನ್ನೊಬ್ಬನ ಬೆನ್ನಿಗೆ ಬಡಿಯಿತು. ತೊಟ್ಟಿಲುಗಳು ಅಡ್ಡಾದಿಡ್ಡಿ ಓಲಾಡಿ ಕೂಸುಗಳು ಕಿರುಚಿಕೊಂಡವು. ಸಂಜೆ ಹಾಡಲು ಸೇರಿದವರು ಒಬ್ಬರು ಮುಂದೆ, ಒಬ್ಬರು ಹಿಂದೆ ಆಗಿ, ಕೊನೆಗೆ ಒಬ್ಬರ ಮುಖ ಒಬ್ಬರು ನೋಡಿಕೊಂಡು ಸುಮ್ಮನೆ ಮನೆಗೆ ಹೋದರು.

ಮರುದಿನ ರಾಜನೇ ಹಾಸಿಗೆ ಹಿಡಿದ. ವೈದ್ಯರು ನಾಡಿ ಹಿಡಿದು ನೋಡಿ ಬೆವತರು.

"ನಾಡಿ ಓಡುತ್ತೆ, ತಡೆಯುತ್ತೆ, ಮತ್ತೆ ಓಡುತ್ತೆ. ಎಲ್ಲಿಂದ ಶುರು ಮಾಡಬೇಕು ಅನ್ನೋದನ್ನೇ ಅದು ಮರೆತಿದೆ. ಹೀಗೇ ಹೋದರೆ ದೊರೆಗಳು ಬಹಳ ದಿನ ಉಳಿಯೋದು ಕಷ್ಟ."

ಬಮ್ಮಯ್ಯನವರು ಚಂದಲೆಯನ್ನು ಹತ್ತಿರ ಕರೆದರು. "ಮಗಳೇ, ಬಡಗಣ ಬೆಟ್ಟದ ಗವಿಯಲ್ಲಿ ಒಬ್ಬಳು ಮಾಯಾವಿ ಇದ್ದಾಳೆ. ಅದು ಅವಳ ದನಿ. ಎಷ್ಟೋ ವರ್ಷದಿಂದ ಬೆಟ್ಟದ ಸುತ್ತಲೇ ಇದ್ದದ್ದು, ಹರಡುತ್ತಾ ಹರಡುತ್ತಾ ಈಗ ನಮ್ಮೂರನ್ನೂ ಮುಟ್ಟಿದೆ. ಅದಕ್ಕೆ ಮೊದಲಿಲ್ಲ, ಕೊನೆಯಿಲ್ಲ. ಅದು ನಮ್ಮ ತಾಳಗಳನ್ನೆಲ್ಲ ಎಳೆದುಕೊಂಡು ಹೋಗಿ ದಾರಿಯ ಪ್ರಾಣಿಪಕ್ಷಿಗಳಲ್ಲಿ ಕೂಡಿಹಾಕಿದೆ. ಅದನ್ನು ಬಿಡಿಸೋಕೆ ಕತ್ತಿಯಿಂದ ಆಗಲ್ಲ."

"ಮತ್ತೆ ಯಾವುದರಿಂದ ಆಗುತ್ತೆ ಗುರುಗಳೇ?"

"ನನಗೆ ಗೊತ್ತಿಲ್ಲ. ಆದರೆ ನೀನು ಕೇಳದೆ ಬಿಡೋಳಲ್ಲ. ಕೇಳುತ್ತಾ ಹೋಗು."

ಚಂದಲೆ ತಂದೆಯ ಪಾದ ಮುಟ್ಟಿ, ಬುತ್ತಿ ಕಟ್ಟಿಕೊಂಡು, ಬಡಗಣ ದಿಕ್ಕಿಗೆ ಹೊರಟಳು.

ನಡೆದು ನಡೆದು ಅವಳು ಒಂದು ದೊಡ್ಡ ಹೊಳೆಯ ದಡಕ್ಕೆ ಬಂದಳು. ಹೊಳೆಗೆ ಸೇತುವೆಯಿಲ್ಲ, ದೋಣಿಯಿಲ್ಲ. ನೀರಿನ ಅಂಚಿನಲ್ಲಿ ಗುಡ್ಡದಂಥ ಒಂದು ಆನೆ ನಿಂತಲ್ಲೇ ಹೆಜ್ಜೆ ಹಾಕುತ್ತಿತ್ತು. ಅದರ ಹೆಜ್ಜೆಗೆ ಹೊಳೆಯೇ ಕುದಿಯುತ್ತಿತ್ತು. ಈಜಿ ದಾಟುವ ಮಾತೇ ಇರಲಿಲ್ಲ.

"ಗಜರಾಜ, ನನ್ನನ್ನು ಆಚೆ ದಡಕ್ಕೆ ಬಿಡ್ತೀಯಾ?" ಎಂದು ಚಂದಲೆ ಕೇಳಿದಳು.

"ಬಿಡ್ತೀನಿ. ಆದರೆ ನನ್ನ ನಡೆ ಎಲ್ಲಿ ಶುರುವಾಗುತ್ತೋ ಅಲ್ಲೇ ನೀನು ಹತ್ತಬೇಕು. ನಡುವೆ ಹತ್ತಿದರೆ ನನ್ನ ಮೈ ತಾನಾಗಿ ಒದರುತ್ತೆ. ನಾನೇನು ಮಾಡೋಕಾಗಲ್ಲ."

"ಎಲ್ಲಿ ಶುರುವಾಗುತ್ತೆ?"

"ನನಗೂ ಮರೆತುಹೋಗಿದೆ," ಎಂದಿತು ಆನೆ. ಅದರ ಕಣ್ಣಲ್ಲಿ ನೀರಿತ್ತು.

ಚಂದಲೆ ಕಣ್ಣಳತೆಯಲ್ಲಿ ಒಂದು ಹೆಜ್ಜೆ ಹಿಡಿದು ಹತ್ತಿದಳು. ಆನೆ ಮೈ ಒದರಿತು. ಚಂದಲೆ ಹೊಳೆಗೆ ಬಿದ್ದಳು, ಬುತ್ತಿ ತೇಲಿಹೋಯಿತು. ಕೆಮ್ಮುತ್ತಾ, ನಡುಗುತ್ತಾ ದಡಕ್ಕೆ ಬಂದು ಮತ್ತೆ ಹತ್ತಿದಳು. ಮತ್ತೆ ಬಿದ್ದಳು. ಈ ಸಲ ಮೊಣಕಾಲಿಗೆ ಕಲ್ಲು ತಾಗಿ ರಕ್ತ ಬಂತು.

ಆಗ ಅವಳು ಹತ್ತುವುದನ್ನು ಬಿಟ್ಟು, ಕಣ್ಣು ಮುಚ್ಚಿ, ಒದ್ದೆ ಮರಳಿನ ಮೇಲೆ ಅಂಗೈ ಊರಿ ಕೂತಳು. ಕಿವಿಗೆ ಎಲ್ಲ ಹೆಜ್ಜೆಯೂ ಒಂದೇ ಥರ ಕೇಳುತ್ತಿತ್ತು. ಆದರೆ ಅಂಗೈಗೆ ಹಾಗಿರಲಿಲ್ಲ. ಒಂದು ಹೆಜ್ಜೆಗೆ ನೆಲ ಹೆಚ್ಚು ತಗ್ಗುತ್ತಿತ್ತು. ಆಮೇಲೆ ಮೂರು ಹಗುರ. ಮತ್ತೆ ಒಂದು ಭಾರ.

ಧೋಂ, ದಿಂ, ದಿಂ, ದಿಂ. ಧೋಂ, ದಿಂ, ದಿಂ, ದಿಂ.

ಚಂದಲೆ ಎದ್ದು ನಿಂತಳು. ಭಾರದ ಹೆಜ್ಜೆಗೆ ತೊಡೆಯ ಮೇಲೆ ಅಂಗೈಯಿಂದ ತಟ್ಟಿದಳು. ಹಗುರದ ಮೂರಕ್ಕೆ ಕಿರುಬೆರಳು, ಉಂಗುರಬೆರಳು, ನಡುಬೆರಳು ಮಡಚಿದಳು. ಬಮ್ಮಯ್ಯನವರು ಹೇಳಿಕೊಟ್ಟದ್ದೂ ಇದನ್ನೇ. ಅಂದು ಅದು ಬರೀ ಕೈಯಾಟವಾಗಿತ್ತು. ಇಂದು ಕೈ ಮಾತಾಡುತ್ತಿತ್ತು. ಬೆರಳುಗಳು ಮುಗಿದು ಅಂಗೈ ಮತ್ತೆ ತೊಡೆಗೆ ಬೀಳುವ ಹೊತ್ತಿಗೆ ಸರಿಯಾಗಿ ಅವಳು ಜಿಗಿದು ಆನೆಯ ಬೆನ್ನೇರಿದಳು.

ಆನೆ ಅಲುಗಲಿಲ್ಲ. ದೊಡ್ಡದಾಗಿ ಒಂದು ಉಸಿರುಬಿಟ್ಟು, ನಾಲ್ಕರ ನಡೆಯಲ್ಲಿ ಹೊಳೆ ದಾಟಿತು.

"ತಾಯಿ, ನನ್ನ ಒಂದು ನನಗೆ ಸಿಕ್ಕಿತು," ಎಂದಿತು ಆನೆ. "ನಾಲ್ಕು ಹೆಜ್ಜೆ ಸೇರಿದರೆ ನನಗೊಂದು ಮನೆ. ಬಾಗಿಲು ಯಾವುದು ಅಂತ ಗೊತ್ತಿಲ್ಲದೆ ಇಷ್ಟು ದಿನ ಮನೆಯ ಸುತ್ತ ತಿರುಗುತ್ತಿದ್ದೆ."

ಅದೇ ಗಳಿಗೆಯಲ್ಲಿ ಅತ್ತ ಕಿಂಕಿಣಿಪುರದಲ್ಲಿ ಅಂಬಿಗರ ಹುಟ್ಟುಗಳು ಒಟ್ಟಿಗೆ ನೀರಿಗಿಳಿದವು. ಒನಕೆಗಳು ಒಂದಾದ ಮೇಲೊಂದು ಒರಳಿಗೆ ಬಿದ್ದವು. ಆದರೆ ರಾಜನ ನಾಡಿ ಮಾತ್ರ ಹಾಗೆಯೇ ಇತ್ತು.

ಚಂದಲೆ ಮುಂದೆ ನಡೆದಳು. ಒಂದು ಬಿದಿರುಕಾಡು ಬಂತು. ಕಾಡಿನ ನಡುವೆ ಒಂದು ಚಪ್ಪಟೆ ಬಂಡೆ, ಬಂಡೆಯ ಮೇಲೆ ಬೆಳ್ಳಿಗರಿಯ ಒಂದು ನವಿಲು ಕುಣಿಯುತ್ತಿತ್ತು. ಬಂಡೆಯ ಎರಡು ಬದಿಗೂ ಆಳವಾದ ಕಂದರ. ದಾಟಿದರೆ ಬಂಡೆಯ ಮೇಲೇ ದಾಟಬೇಕು.

"ನನ್ನ ಜೊತೆ ಕುಣಿದು ದಾಟು," ಎಂದಿತು ನವಿಲು. "ತಪ್ಪಿದರೆ ಪ್ರತಿ ತಪ್ಪಿಗೂ ನಿನ್ನ ನೆನಪೊಂದು ಗರಿಯಾಗಿ ನನ್ನ ಬಾಲಕ್ಕೆ ಬಂದು ಸೇರುತ್ತೆ. ಇಷ್ಟು ಗರಿ ನನಗೆ ಎಲ್ಲಿಂದ ಬಂತು ಅಂದುಕೊಂಡೆ?"

ಚಂದಲೆಗೆ ಈಗ ಧೈರ್ಯವಿತ್ತು. ನಾಲ್ಕು ಕೈಯಲ್ಲೇ ಇತ್ತಲ್ಲ! ನವಿಲಿನ ಭಾರದ ಹೆಜ್ಜೆಯನ್ನು ಹುಡುಕಿ, ಅಲ್ಲಿ ತಟ್ಟಿ, ಬೆರಳು ಮಡಚುತ್ತಾ ಬಂಡೆಯ ಮೇಲೆ ಕಾಲಿಟ್ಟಳು. ಮೊದಲ ತಟ್ಟು ಸರಿಯಾಗಿ ಬಿತ್ತು. ಎರಡನೆಯ ತಟ್ಟು ಹಗುರದ ಹೆಜ್ಜೆಯ ಮೇಲೆ ಬಿತ್ತು. ನವಿಲು ಕೇಕೆ ಹಾಕಿತು. ಚಂದಲೆ ತಾನು ಯಾವ ಊರಿನವಳೆಂಬುದನ್ನು ಮರೆತಳು.

"ಇದ್ಯಾಕೆ ಹೀಗಾಯಿತು? ಎಣಿಕೆ ಸರಿಯಾಗೇ ಇತ್ತಲ್ಲ!" ಎಂದುಕೊಂಡು ಇನ್ನೂ ಜೋರಾಗಿ ನಾಲ್ಕನ್ನು ತಟ್ಟಿದಳು. ಮತ್ತೆ ತಪ್ಪಿತು. ಈ ಸಲ ತಂದೆಯ ಮುಖವೇ ಮನಸ್ಸಿನಿಂದ ಅಳಿಸಿಹೋಯಿತು. ಯಾರನ್ನೋ ಉಳಿಸಬೇಕು ಎಂದು ಗೊತ್ತು. ಯಾರನ್ನು ಎಂದು ಗೊತ್ತಿಲ್ಲ.

ಅವಳು ಕೈ ಕೆಳಗಿಳಿಸಿ ನಿಂತುಬಿಟ್ಟಳು.

"ಯಾಕೆ ನಿಂತೆ? ಸೋತೆಯಾ?" ಎಂದು ನವಿಲು ಕೇಳಿತು.

"ಇಲ್ಲ. ಇಷ್ಟು ಹೊತ್ತು ನಾನು ನಿನ್ನನ್ನು ನೋಡಲೇ ಇಲ್ಲ. ನನ್ನ ಲೆಕ್ಕವನ್ನು ನಿನ್ನ ಮೇಲೆ ಹೇರುತ್ತಿದ್ದೆ. ಸ್ವಲ್ಪ ಕುಣಿ, ನೋಡ್ತೀನಿ."

ನವಿಲು ಕುಣಿಯಿತು. ಅದರ ಬಾಲ ಒಮ್ಮೆ ಬಲಕ್ಕೆ ಬೀಸಿತು, ಆಮೇಲೆ ಎಡಕ್ಕೆ ಬೀಸಿತು. ಒಂದು ಬೀಸಿನಿಂದ ಇನ್ನೊಂದು ಬೀಸಿಗೆ ನಡುವೆ ನಾಲ್ಕು ಹೆಜ್ಜೆ ಇರಲಿಲ್ಲ. ಮೂರೇ ಇದ್ದವು.

ತಕಿಟ, ತಕಿಟ, ತಕಿಟ, ತಕಿಟ.

ಚಂದಲೆ ಒಮ್ಮೆ ತಟ್ಟಿ ಎರಡು ಬೆರಳು ಮಡಚಿದಳು. ಒಮ್ಮೆ ತಟ್ಟಿ ಎರಡು ಬೆರಳು. ಮೈ ತಾನಾಗಿ ಉಯ್ಯಾಲೆಯ ಹಾಗೆ ತೂಗಿತು. ಕುಣಿಯುತ್ತಾ ಕುಣಿಯುತ್ತಾ ಅವಳು ಬಂಡೆ ದಾಟಿದಳು. ದಾಟುತ್ತಿದ್ದಂತೆ ಊರ ಹೆಸರು ಬಂತು, ತಂದೆಯ ಮುಖ ಬಂತು. ಚಂದಲೆ ನೆಲದ ಮೇಲೆ ಕೂತು ಒಂದು ಗಳಿಗೆ ಅತ್ತಳು.

"ಅಳಬೇಡ," ಎಂದಿತು ನವಿಲು. ಅದೂ ಮಾಯೆಯಿಂದ ಬಿಡುಗಡೆಯಾಗಿತ್ತು. "ನಿನ್ನ ನಾಲ್ಕು ಸುಳ್ಳಲ್ಲ. ನನ್ನ ಮೈಗೆ ಅದು ಹೊಂದಲ್ಲ, ಅಷ್ಟೆ."

ಚಂದಲೆ ಕಣ್ಣೊರೆಸಿಕೊಂಡಳು. ಅಷ್ಟರಲ್ಲೇ ಅವಳಿಗೆ ಒಂದು ಪ್ರಶ್ನೆ ಹುಟ್ಟಿತು. "ನವಿಲೇ, ನೀನೂ ಆನೆಯೂ ಒಟ್ಟಿಗೆ ಶುರುಮಾಡಿ, ಒಂದೇ ವೇಗದಲ್ಲಿ ಹೆಜ್ಜೆ ಹಾಕಿದರೆ ಏನಾಗುತ್ತೆ?"

"ಬೇರೆ ಬೇರೆ ಆಗ್ತೀವಿ."

"ಮೊದಲು ಆಗ್ತೀರಿ. ಆದರೆ ಹನ್ನೆರಡು ಹೆಜ್ಜೆ ಮುಗಿದ ಮೇಲೆ ನಿನ್ನ ಒಂದೂ ಅದರ ಒಂದೂ ಮತ್ತೆ ಒಟ್ಟಿಗೆ ಬೀಳುತ್ತಲ್ವಾ? ನಿನ್ನದು ನಾಲ್ಕು ಸುತ್ತು, ಅದರದು ಮೂರು ಸುತ್ತು."

ನವಿಲು ಕತ್ತು ಓರೆಮಾಡಿ, ಕಾಲೆತ್ತಿ, ಮನಸ್ಸಿನಲ್ಲೇ ಲೆಕ್ಕ ಹಾಕಿತು. "ಹೌದಲ್ಲಾ! ಇದನ್ನು ನನಗೆ ಯಾರೂ ಹೇಳಿರಲಿಲ್ಲ," ಎನ್ನುತ್ತಾ ಆನೆಯನ್ನು ಹುಡುಕಿಕೊಂಡು ಹೊಳೆಯ ಕಡೆಗೆ ಹಾರಿತು.

ಅತ್ತ ಕಿಂಕಿಣಿಪುರದಲ್ಲಿ ತೊಟ್ಟಿಲುಗಳು ಹದವಾಗಿ ತೂಗಿದವು. ಎಷ್ಟೋ ದಿನದಿಂದ ಕಣ್ಣು ಮುಚ್ಚದ ಕೂಸುಗಳು ನಿದ್ದೆಹೋದವು. ರಾಜನ ನಾಡಿ ಮಾತ್ರ ಸರಿಹೋಗದೆ ಈಗ ಕುಂದುತ್ತಿತ್ತು.

ಕಾಡು ಮುಗಿದ ಮೇಲೆ ಬೆಟ್ಟದ ಬುಡ. ಅಲ್ಲಿ ಒಂದು ಕೆಂಪು ಕುದುರೆ ಕುಂಟುತ್ತಾ ತಿರುಗುತ್ತಿತ್ತು. ಬೆಟ್ಟದ ದಾರಿ ಒಂದು ಮೊಳ ಅಗಲ, ಒಂದು ಪಕ್ಕ ಗೋಡೆಯಂಥ ಬಂಡೆ, ಇನ್ನೊಂದು ಪಕ್ಕ ಪ್ರಪಾತ. ಅಲ್ಲಿನ ಕಲ್ಲುಗಳು ಮನುಷ್ಯರ ಕಾಲಿಗೆ ಕೆಂಡದ ಹಾಗೆ ಸುಡುತ್ತಿದ್ದವು. ಕುದುರೆಯ ಗೊರಸಿಗೆ ಮಾತ್ರ ಅವು ತಣ್ಣಗಿದ್ದವು.

"ಬಾ, ನೀನೂ ನೋಡು," ಎಂದು ಕುದುರೆ ಬೇಸರದಿಂದ ಕಾಲೆತ್ತಿತು. "ಬಂದವರೆಲ್ಲ ನನ್ನ ಕುಂಟು ಸರಿಮಾಡೋಕೆ ನೋಡಿದರು. ಒಬ್ಬ ಲಾಳ ಬದಲಾಯಿಸಿದ. ಒಬ್ಬ ಕಾಲಿಗೆ ಪಟ್ಟಿ ಕಟ್ಟಿದ. ಆಮೇಲೆ ಹತ್ತಿದರು, ಬಿದ್ದರು."

"ನಿನಗೆ ನೋವಿದೆಯಾ?"

ಕುದುರೆ ಕಿವಿ ನಿಮಿರಿಸಿತು. "ಇಲ್ಲ. ಹಾಗಂತ ಯಾರೂ ಕೇಳಿರಲಿಲ್ಲ."

"ನೋವಿಲ್ಲ ಅಂದಮೇಲೆ ಅದು ಕುಂಟು ಹೇಗಾಗುತ್ತೆ? ನಡೆ, ಕೇಳ್ತೀನಿ."

ಕುದುರೆ ನಡೆಯಿತು. ಚಂದಲೆ ಅದರ ಪಕ್ಕದಲ್ಲೇ ನಡೆದಳು. ಮೂರು ಎಣಿಸಿದಳು, ಹೊಂದಲಿಲ್ಲ. ನಾಲ್ಕು ಎಣಿಸಿದಳು, ಹೊಂದಲಿಲ್ಲ. ಆದರೆ ಎರಡೂ ಸಲ ಸ್ವಲ್ಪ ದೂರ ಹೊಂದಿದಂತಾಗಿ ಆಮೇಲೆ ತಪ್ಪುತ್ತಿತ್ತು. ಅದೇ ಅವಳಿಗೆ ವಿಚಿತ್ರವೆನಿಸಿತು. ಅರ್ಧ ಸರಿ, ಅರ್ಧ ತಪ್ಪು ಆಗುವುದು ಹೇಗೆ? ಅವಳು ಎಣಿಸುವುದನ್ನು ಬಿಟ್ಟು ಬಾಯಲ್ಲಿ ಗೊರಸಿನ ಸದ್ದನ್ನೇ ನುಡಿದು ನೋಡಿದಳು.

ತಕಿಟ, ತಕಧಿಮಿ. ತಕಿಟ, ತಕಧಿಮಿ.

"ಅಯ್ಯೋ, ನಿನ್ನಲ್ಲಿ ನವಿಲೂ ಇದೆ, ಆನೆಯೂ ಇದೆ!" ಎಂದು ಚಂದಲೆ ಚಪ್ಪಾಳೆ ಹೊಡೆದಳು. "ಮೊದಲು ಮೂರು, ಆಮೇಲೆ ನಾಲ್ಕು. ಒಂದು ಗಿಡ್ಡ, ಒಂದು ಉದ್ದ. ನೀನು ಕುಂಟಲ್ಲ ಕಣೋ. ಏಳರ ಕುದುರೆ ನೀನು!"

ಗಿಡ್ಡದ ಮೊದಲಿಗೆ ಒಂದು ತಟ್ಟು, ಉದ್ದದ ಮೊದಲಿಗೆ ಒಂದು ತಟ್ಟು ಹಾಕುತ್ತಾ ಅವಳು ಕುದುರೆ ಏರಿದಳು. ಮೇಲೆ ಹೋದ ಹಾಗೆ ಮಾಯಾವಿಯ ದನಿ ಗಟ್ಟಿಯಾಯಿತು. ಅದು ಜಿಗುಟು ಬೆಲ್ಲದ ಪಾಕದ ಹಾಗೆ ಎಣಿಕೆಗಳನ್ನು ಒಂದಕ್ಕೊಂದು ಅಂಟಿಸುತ್ತಿತ್ತು. ಒಂದು ತಿರುವಿನಲ್ಲಿ ಚಂದಲೆಯ ತಟ್ಟು ತಪ್ಪಿತು. ಕುದುರೆಯ ಹಿಂಗಾಲು ಜಾರಿ ಕಲ್ಲುಗಳು ಪ್ರಪಾತಕ್ಕೆ ಉರುಳಿದವು. ಚಂದಲೆ ಕುದುರೆಯ ಕುತ್ತಿಗೆ ತಬ್ಬಿ, ಅದರ ಕಿವಿಯಲ್ಲೇ ಕೂಗಿ ಹೇಳಿದಳು: "ತಕಿಟ! ತಕಧಿಮಿ! ತಕಿಟ! ತಕಧಿಮಿ!" ಕುದುರೆ ಕಾಲು ಊರಿತು. ಗವಿಯ ಬಾಗಿಲು ಬಂತು.

ಅತ್ತ ಕಿಂಕಿಣಿಪುರದಲ್ಲಿ ಡೊಳ್ಳುಗಳು ದನಿಗೂಡಿದವು. ಆದರೆ ಯಾರಿಗೂ ಕುಣಿಯುವ ಮನಸ್ಸಿರಲಿಲ್ಲ. ರಾಜನ ನಾಡಿ ಕೈಗೆ ಸಿಗುವುದೇ ಕಷ್ಟವಾಗಿತ್ತು.

ಗವಿಯೊಳಗೆ ಒಬ್ಬಳು ಹೆಂಗಸು ಕಣ್ಣು ಮುಚ್ಚಿ ಕೂತಿದ್ದಳು. ಅವಳ ಕೂದಲು ಬೆಳೆದು ಬೆಳೆದು ನೆಲವನ್ನೆಲ್ಲ ಮುಚ್ಚಿತ್ತು. ಅವಳ ಬಾಯಿಂದ ಆ ಒಂದೇ ಸ್ವರ ಹರಿಯುತ್ತಿತ್ತು. ಅವಳ ಪಕ್ಕದಲ್ಲಿ ಒಂದು ಮಂಚ, ಮಂಚದ ಮೇಲೆ ಒಬ್ಬಳು ಮುದುಕಿ ಅಲುಗದೆ ಮಲಗಿದ್ದಳು.

ಚಂದಲೆ ಹೆಜ್ಜೆ ಇಡುತ್ತಿದ್ದಂತೆ ಅವಳ ಪಾದ ಕಲ್ಲಾಯಿತು. ಅವಳು ನಾಲ್ಕು ಎಣಿಸಿದಳು. ಕಲ್ಲು ಮೊಣಕಾಲಿಗೆ ಬಂತು. ಮೂರು ಎಣಿಸಿದಳು. ತೊಡೆಗೆ ಬಂತು. ಏಳು ಎಣಿಸಿದಳು. ಸೊಂಟಕ್ಕೆ ಬಂತು. ಆ ದನಿಯಲ್ಲಿ ಭಾರವಿಲ್ಲ, ಹಗುರವಿಲ್ಲ, ತಿರುವಿಲ್ಲ, ಗಿಡ್ಡವಿಲ್ಲ, ಉದ್ದವಿಲ್ಲ. ಹಿಡಿದುಕೊಳ್ಳಲು ಏನೂ ಇರಲಿಲ್ಲ.

ಚಂದಲೆಗೆ ಹೆದರಿಕೆಯಾಯಿತು. ಆದರೂ ಹೆದರಿಕೆಯ ನಡುವೆಯೇ ಅವಳಿಗೆ ಒಂದು ಕುತೂಹಲ. ಹಾಡುವವಳಿಗೆ ಉಸಿರು ಬೇಡವೇ? ಅವಳು ಎಣಿಸುವುದನ್ನು ನಿಲ್ಲಿಸಿ, ಮಾಯಾವಿಯ ಗಂಟಲನ್ನೇ ನೋಡುತ್ತಾ ನಿಂತಳು. ಕಲ್ಲು ಎದೆಗೆ ಏರಿತು. ಆಗ ಮಾಯಾವಿಯ ಗಂಟಲ ಕುಳಿ ಒಂದಿಷ್ಟು ಒಳಸರಿಯಿತು. ಕೂದಲೆಳೆಯಷ್ಟು ಸಣ್ಣ ಬಿರುಕು, ಒಂದು ಕಳ್ಳ ಉಸಿರು! ದನಿ ಮತ್ತೆ ಶುರುವಾಯಿತು.

ಶುರುವಾಯಿತು! ಹಾಗಾದರೆ ಇದಕ್ಕೂ ಒಂದು ಮೊದಲಿದೆ. ಬಹಳ ದೊಡ್ಡ ಸುತ್ತು, ಅಷ್ಟೆ.

ಚಂದಲೆ ಎರಡೂ ಕೈ ತಲೆಯ ಮೇಲೆತ್ತಿ ಹಿಡಿದು ಕಾದಳು. ಕಲ್ಲು ಕಂಕುಳು ಮುಟ್ಟಿತು. ಗಂಟಲ ಕುಳಿ ಮತ್ತೊಮ್ಮೆ ಒಳಸರಿಯಿತು. ಅದು ಹೊರಬರುವ ಆ ಗಳಿಗೆಗೆ ಸರಿಯಾಗಿ ಅವಳು ಕೈಗೆ ಕೈ ಹೊಡೆದಳು.

ಗವಿ ಝಲ್ಲೆಂದಿತು. ದನಿ ಮುರಿಯಿತು. ಚಂದಲೆಯ ಮೈಮೇಲಿನ ಕಲ್ಲು ಸಿಪ್ಪೆಯ ಹಾಗೆ ಉದುರಿತು. ಮಾಯಾವಿ ಕಣ್ಣು ತೆರೆದಳು.

"ಯಾರೇ ಅದು! ಏನು ಮಾಡಿಬಿಟ್ಟೆ!" ಎಂದು ಅವಳು ಚೀರಿದಳು. "ನನ್ನ ಅವ್ವ! ಅವಳು ಜ್ವರದಲ್ಲಿ ಮಲಗಿದ್ದಾಗ ನಾನು ಹಾಡ್ತಾ ಇದ್ದೆ. ಹಾಡು ಮುಗಿದರೆ ಅವಳೂ ಮುಗಿದುಹೋಗ್ತಾಳೆ ಅಂತ ಭಯವಾಯಿತು. ಅದಕ್ಕೆ ನಿಲ್ಲಿಸಲೇ ಇಲ್ಲ. ಮುಗಿಯೋದು ಅನ್ನೋದೇ ಈ ಲೋಕದಲ್ಲಿ ಇರಬಾರದು ಅಂತ ಎಲ್ಲ ತಾಳಗಳನ್ನೂ ಎಳೆದುಕೊಂಡೆ. ನೂರು ವರ್ಷ ಅವಳನ್ನು ಹೀಗೆ ಉಳಿಸಿಕೊಂಡಿದ್ದೀನಿ!"

ಅವಳು ಮತ್ತೆ ಹಾಡಲು ಬಾಯಿ ತೆರೆದಳು. ಚಂದಲೆ ಓಡಿಹೋಗಿ ಅವಳ ಕೈ ಹಿಡಿದುಕೊಂಡಳು.

"ಅಕ್ಕಾ, ಒಂದು ಗಳಿಗೆ ತಡಿ. ನಿಮ್ಮ ಅವ್ವನ ಎದೆ ನೋಡು. ಉಬ್ಬಿಕೊಂಡೇ ಇದೆ. ಒಳಗೆ ಎಳೆದುಕೊಂಡ ಉಸಿರನ್ನು ಅವರು ಇನ್ನೂ ಬಿಟ್ಟೇ ಇಲ್ಲ."

ಮಾಯಾವಿ ನೋಡಿದಳು. ನೂರು ವರ್ಷದಲ್ಲಿ ಮೊದಲ ಸಲ ಅವಳು ಹಾಡದೆ ಸುಮ್ಮನೆ ತಾಯಿಯನ್ನು ನೋಡಿದಳು.

"ಉಸಿರು ಬಿಟ್ಟರೆ... ಮತ್ತೆ ಬರದಿದ್ದರೆ?"

"ನಾನು ಬಂದ ದಾರಿಯಲ್ಲಿ ಎಲ್ಲೂ ಮುಗಿದುಹೋಗಿದ್ದನ್ನು ನೋಡಲಿಲ್ಲ ಅಕ್ಕಾ. ನಾಲ್ಕು ಮುಗಿದರೆ ಮತ್ತೆ ಒಂದು ಬರುತ್ತಿತ್ತು. ಏಳು ಮುಗಿದರೂ ಒಂದೇ ಬರುತ್ತಿತ್ತು. ಬರೋಕೆ ನೀನು ಜಾಗ ಬಿಡಬೇಕು. ನಿನ್ನ ಹಾಡನ್ನು ಪೂರ್ತಿ ಹಾಡು. ನಾನು ತಟ್ಟುತ್ತೀನಿ."

ಚಂದಲೆ ಮಂಚದ ಅಂಚಿನಲ್ಲಿ ಮೆಲ್ಲಗೆ ತಟ್ಟತೊಡಗಿದಳು. ಮಾಯಾವಿ ತಾಯಿಯ ಕೈ ಹಿಡಿದು ಕೂತಳು. ನೂರು ವರ್ಷದ ಹಿಂದೆ ಅರ್ಧಕ್ಕೆ ನಿಂತಿದ್ದ ಜೋಗುಳ ಅವಳ ಬಾಯಿಗೆ ಬಂತು. ಏರಿತು, ತಿರುಗಿತು, ಇಳಿಯಿತು. ಕೊನೆಯ ಪದ ಚಂದಲೆಯ ತಟ್ಟಿನ ಮೇಲೆ ಬಂದು ಕೂತಿತು. ಹಾಡು ಮುಗಿಯಿತು.

ಮುದುಕಿ ಉಸಿರು ಬಿಟ್ಟಳು.

ಚಂದಲೆಯ ಕೈ ಗಾಳಿಯಲ್ಲೇ ನಿಂತಿತ್ತು. ಮಾಯಾವಿ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು.

ಮುದುಕಿಯ ಎದೆ ಮತ್ತೆ ಮೇಲೆದ್ದಿತು. ಇಳಿಯಿತು. ಎದ್ದಿತು. ಹಣೆಯ ಮೇಲೆ ಬೆವರಿನ ಹನಿಗಳು ಮೂಡಿದವು. ನೂರು ವರ್ಷ ಇಳಿಯದೆ ನಿಂತಿದ್ದ ಜ್ವರ ಇಳಿಯತೊಡಗಿತ್ತು.

"ಜಕ್ಕೀ," ಎಂದು ಮುದುಕಿ ಕಣ್ಣು ಬಿಟ್ಟಳು. "ಎಷ್ಟು ಹೊತ್ತೇ ಹಾಡೋದು? ಗಂಟಲು ಒಣಗಲ್ವಾ ನಿನಗೆ? ಒಂದಿಷ್ಟು ಗಂಜಿ ಕಾಯಿಸು, ಹಸಿವಾಗ್ತಿದೆ. ಈ ಹುಡುಗಿ ಯಾರು? ಪಾಪ, ಮೊಣಕಾಲೆಲ್ಲ ತರಚಿದೆ. ಅವಳಿಗೂ ಒಂದು ಬಟ್ಟಲು ಹಾಕು."

ಜಕ್ಕಿ ತಾಯಿಯ ಮಡಿಲಿಗೆ ಬಿದ್ದು ಮಗುವಿನ ಹಾಗೆ ಅತ್ತಳು. ಅಳುತ್ತಿದ್ದಂತೆ ಅವಳ ಮಾಯೆಯೆಲ್ಲ ಕರಗಿಹೋಯಿತು.

ಆ ಹೊತ್ತಿಗೆ ಸರಿಯಾಗಿ ಎರೆಯರಸನ ನಾಡಿ ವೈದ್ಯರ ಬೆರಳಿಗೆ ತಟ್ಟಿತು. ಮತ್ತೆ ತಟ್ಟಿತು. ರಾಜ ಎದ್ದು ಕೂತು, "ನನ್ನ ಮಗಳೆಲ್ಲಿ?" ಎಂದ.

ಏಳರ ಕುದುರೆ ಮೂವರನ್ನೂ ಹೊತ್ತು ಬೆಟ್ಟ ಇಳಿಯಿತು. ಹೊಳೆಯ ದಡದಲ್ಲಿ ಆನೆಯೂ ನವಿಲೂ ಹೆಜ್ಜೆ ಹಾಕುತ್ತಾ, ಹನ್ನೆರಡಕ್ಕೊಮ್ಮೆ ಒಟ್ಟಿಗೆ ಬಂದು ಸೇರಿದಾಗಲೆಲ್ಲ ಕೂಗಿ ಕುಣಿಯುತ್ತಿದ್ದವು. ಕಿಂಕಿಣಿಪುರದಲ್ಲಿ ಮನೆಮನೆಯವರೂ ಬೀದಿಗೆ ಬಂದು ಚಂದಲೆಯನ್ನು ಎದುರುಗೊಂಡರು. ರಾಜ ಮಗಳನ್ನು ಬಿಗಿದಪ್ಪಿದ. ಜಕ್ಕಿ ಅವನ ಕಾಲಿಗೆ ಬಿದ್ದಾಗ ಅವನು ಅವಳ ತಾಯಿಯನ್ನೊಮ್ಮೆ ನೋಡಿ, "ಏಳಮ್ಮ, ಇಲ್ಲೇ ಇರಿ," ಎಂದ.

ಆಮೇಲೆ ಆ ರಾಜ್ಯದಲ್ಲಿ ಎಲ್ಲರೂ ನೆಮ್ಮದಿಯಿಂದಿದ್ದರು. ಜಕ್ಕಿ ಆಸ್ಥಾನದ ಹಾಡುಗಾರ್ತಿಯಾದಳು. ಮೊದಲ ದಿನ ಸಭೆಯಲ್ಲಿ ಹಾಡು ಕೊನೆಗೆ ಬರುತ್ತಿದ್ದಂತೆ ಅವಳ ದನಿ ಅಳುಕಿತು. ಆದರೂ ಕೊನೆಯ ಪದ ಹಾಡಿ, ನಿಲ್ಲಿಸಿ, ಹೆದರುತ್ತಾ ತಾಯಿಯ ಕಡೆ ತಿರುಗಿದಳು. ಮುದುಕಿ ಕಂಬಕ್ಕೆ ಒರಗಿ ವೀಳ್ಯದೆಲೆಗೆ ಸುಣ್ಣ ಹಚ್ಚುತ್ತಿದ್ದಳು.

"ಮುಗೀತಾ?" ಎಂದಳು ತಲೆಯೆತ್ತದೆ. "ಚೆನ್ನಾಗಿತ್ತು. ಇನ್ನೊಂದು ಹೇಳು."